ಕೈಯಳತೆಯ ಲಾಯ

ಮಳೆಗಾಲ ಹಿಡಿಯುವ ಮುಂಚೆ ಕುದುರೆಗಳಿಗೊಂದು ಲಾಯ ಕಟ್ಟಿಸಲೇಬೇಕು ಎಂದು ತೇನಿಂಗ್ ಹಟ ಹಿಡಿದಾಗ ಮನೆಯಲ್ಲಿ ಅವಳ ಪರವಾಗಿ ಒಬ್ಬರೂ ಇರಲಿಲ್ಲ.

ಮಾತು ಶುರುವಾದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಕಾವೊಲಾಕ್ ಪಟ್ಟಣದ ಆ ಮನೆಯಲ್ಲಿ ಎಲ್ಲ ಮಾತೂ ಊಟದ ಹೊತ್ತಿಗೇ ಶುರುವಾಗುತ್ತಿತ್ತು. ಒಂದೇ ಅಗಲವಾದ ತಟ್ಟೆಯ ಸುತ್ತ ಐದು ಜನ ಚಾಪೆಯ ಮೇಲೆ ಕೂತು ಅನ್ನಕ್ಕೆ ಕೈಯಿಟ್ಟ ಮೇಲೆ ಯಾರೂ ಅರ್ಧಕ್ಕೆ ಎದ್ದು ಹೋಗುವ ಹಾಗಿರಲಿಲ್ಲವಲ್ಲ.

"ಈ ಸಲ ಚೀಟಿ ನನಗೆ ಬಂತು," ಅಂದಳು ತೇನಿಂಗ್.

ಸಂತೆಯಲ್ಲಿ ಕಡಲೆಕಾಯಿ ಅರೆದು ಮಾರುವ ಇಪ್ಪತ್ತು ಹೆಂಗಸರು ಸೇರಿ ಹಾಕುತ್ತಿದ್ದ ಚೀಟಿ ಅದು. ಅವಳ ಸರದಿ ಬರಲು ಒಂದೂವರೆ ವರ್ಷ ಹಿಡಿದಿತ್ತು.

ಅತ್ತೆ ಯಾಂದೆ ಮೀನನ್ನು ಬಿಡಿಸಿ ಎಲ್ಲರ ಕಡೆಗೂ ಒಂದೊಂದು ಚೂರು ತಳ್ಳುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಒಳ್ಳೇದಾಯ್ತು. ಒಂದು ಫ್ರಿಜ್ ತಂದುಬಿಡು. ಐಸು ಮಾರಬಹುದು, ಪುಂಡಿ ಹೂವಿನ ಶರಬತ್ತು ಮಾರಬಹುದು. ಈ ಬೀದೀಲಿ ಯಾರ ಮನೇಲೂ ಇಲ್ಲ."

"ಐಸು ಆಮೇಲಿರಲಿ ಅಮ್ಮ," ಅಂದ ಅವಳ ಗಂಡ ಲಾತಿರ್. "ಗಾಡಿಯ ಎರಡು ಟೈರೂ ಸವೆದು ಬೋಳಾಗಿವೆ. ನಿನ್ನೆ ಉಪ್ಪಿನ ಮೂಟೆ ಹೇರ್ಕೊಂಡು ಬರೋವಾಗ ನದಿ ರಸ್ತೇಲಿ ಮಗುಚಿಕೊಳ್ತಿತ್ತು."

"ಟೈರು ಗಾಡಿ ಎಳೆಯಲ್ಲ, ಕುದುರೆ ಎಳೆಯುತ್ತೆ," ಅಂದಳು ತೇನಿಂಗ್. "ನಾನು ಲಾಯ ಕಟ್ಟಿಸ್ತೀನಿ."

ಮಾವ ದಿಯೆಗಾನ್ ಅಲ್ಲಿಯತನಕ ಬಾಯಿ ತೆರೆದಿರಲಿಲ್ಲ. ನಲವತ್ತು ವರ್ಷ ಗಾಡಿ ಹೊಡೆದ ಮನುಷ್ಯ. ಎರಡು ವರ್ಷದ ಕೆಳಗೆ ಬೆನ್ನು ನೋವೆಂದು ಗಾಡಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು. ಆದರೆ ಕುದುರೆಗಳಿಗೆ ಮೇವು ಹಾಕುವುದು, ನೀರು ಕುಡಿಸುವುದು, ಮೈ ತಿಕ್ಕುವುದು ಮಾತ್ರ ಇನ್ನೂ ಅವರದೇ ಕೆಲಸ. ಅದಕ್ಕೆ ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

"ಕುದುರೆಗಳು ಎಲ್ಲಿವೆಯೋ ಅಲ್ಲೇ ಚೆನ್ನಾಗಿವೆ," ಅಂದರು ಮಾವ. "ಆ ಜಾಗ ಮುಟ್ಟೋದು ಬೇಡ."

"ಹೋದ ವರ್ಷ ಮರಿ ಸತ್ತದ್ದು ಅದೇ ಜಾಗದಲ್ಲಿ ಮಾವ."

ಹೋದ ಮಳೆಗಾಲದಲ್ಲಿ ಅಡುಗೆಮನೆಯ ಚಾವಣಿ ಮೇಲೆ ಮೇವಿಗೆಂದು ಒಟ್ಟಿದ್ದ ಒಣ ಕಡಲೆಕಾಯಿ ಬಳ್ಳಿಯೆಲ್ಲ ನೆನೆದು ಒಳಗೊಳಗೇ ಬೂಷ್ಟು ಹಿಡಿದಿತ್ತು. ಆ ಮೇವು ತಿಂದು ಮೂರು ವರ್ಷದ ಗಂಡುಮರಿ ಎರಡೇ ದಿನದಲ್ಲಿ ಹೊಟ್ಟೆಶೂಲೆಯಿಂದ ಸತ್ತಿತು. ಮುಂದಿನ ಸುಗ್ಗಿಗೆ ಅದನ್ನು ಎರಡನೇ ಗಾಡಿಗೆ ಕಟ್ಟಬೇಕೆಂದು ಲಾತಿರ್ ಆಸೆಯಿಟ್ಟುಕೊಂಡಿದ್ದ.

ಅದಾದ ಮೇಲೆ ಗಾಡಿ ಹೊಡೆಯುವವರ ಮನೆಯವರಿಗೆಂದು ಸಂತೆಯ ಶೆಡ್ಡಿನಲ್ಲಿ ಒಂದು ವಾರ ಪಾಠ ನಡೆದಾಗ ತೇನಿಂಗ್ ಕಡಲೆ ಅರೆಯುವುದನ್ನು ಬಿಟ್ಟು ಹೋಗಿ ಕೂತಿದ್ದಳು. ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಮೇವು ನೆಲಕ್ಕೆ ತಾಗಬಾರದು, ಅದರ ಅಡಿ ಗಾಳಿಯಾಡಬೇಕು. ಕಾಳು ಇಡುವ ಕಡೆ ಇಲಿ ನುಗ್ಗಬಾರದು. ಕಾಯಿಲೆ ಬಿದ್ದ ಕುದುರೆಗೆ ಬೇರೆ ಅಂಕಣ ಇರಬೇಕು. ಔಷಧಿ, ಸಜ್ಜು, ಗೊರಸು ಕೆರೆಯುವ ಕೊಕ್ಕೆ, ಎಲ್ಲಕ್ಕೂ ಒಂದೊಂದು ಜಾಗ ಬೇಕು. ಮಗಳು ಸೀಗಾಳ ಹಳೆಯ ಶಾಲೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನೆಲ್ಲ ಚಿತ್ರ ಬರೆದುಕೊಂಡು ಬಂದಿದ್ದಳು.

ಮನೆಯಲ್ಲಿದ್ದ ವ್ಯವಸ್ಥೆಯೇ ಬೇರೆ. ಮೇವು ಅಡುಗೆಮನೆಯ ಮೇಲೆ. ಸಜ್ಜೆ ತುಂಬಿದ ಎಣ್ಣೆ ಡ್ರಮ್ಮು ಬಾಗಿಲ ಪಕ್ಕ. ತೌಡಿನ ಮೂಟೆ ಬಚ್ಚಲ ಗೋಡೆಗೊರಗಿ. ಕಡಿವಾಣ, ಕೊರಳಪಟ್ಟಿಗಳು ಬೇವಿನ ಮರದ ಮೋಟು ಕೊಂಬೆಗೆ. ಔಷಧಿ ಶೀಶೆಗಳು ತೇನಿಂಗಳ ಮಂಚದ ಕೆಳಗೆ, ಸೀಗಾಳ ಬಟ್ಟೆಗಳ ಜೊತೆ. ಮೊದಮೊದಲು ಆ ಮಗು ಶಾಲೆಗೆ ಹೋದಾಗ ಡಾಂಬರಿನಂಥ ಗಾಯದೆಣ್ಣೆಯ ವಾಸನೆಗೆ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಈಗ ಅವರಿಗೂ ಅಭ್ಯಾಸವಾಗಿಹೋಗಿತ್ತು.

ಲಾತಿರ್‌ನನ್ನು ಒಪ್ಪಿಸಲು ತೇನಿಂಗ್‌ಗೆ ಮೂರು ದಿನ ಹಿಡಿಯಿತು. ಅವನು ಒಪ್ಪಿದ್ದೂ ಸತ್ತ ಮರಿಯ ನೆನಪಿನಿಂದಲೇ. "ಒಂದು ಟೈರಿಗಾದರೂ ಉಳಿಸು," ಅಂದ. ಅವಳು ಉಳಿಸಿದಳು. ಅತ್ತೆ ಒಪ್ಪಲಿಲ್ಲ, ಆದರೆ ಜಗಳವನ್ನೂ ಬೆಳೆಸಲಿಲ್ಲ. "ದುಡ್ಡು ನಿಂದು. ನಿನ್ನ ಮಾವನ ನೆಮ್ಮದಿ ಹಾಳುಮಾಡೋಕೆ ಖರ್ಚು ಮಾಡ್ತೀಯ, ಮಾಡು," ಎಂದು ಸೊಪ್ಪು ಬಿಡಿಸಲು ಕೂತರು.

ಮಾರನೆಯ ದಿನ ತೇನಿಂಗ್ ಒಲೆಯ ಬೂದಿ ತಂದು ಅಂಗಳದ ಮರಳಿನ ಮೇಲೆ ಗೆರೆ ಎಳೆದಳು. ಇಲ್ಲಿ ಮೇವಿನ ಅಟ್ಟ, ಇಲ್ಲಿ ಕಾಳು, ಇಲ್ಲಿ ಎರಡು ಅಂಕಣ, ಆ ಮೂಲೆಯಲ್ಲಿ ಕಾಯಿಲೆಯ ಕುದುರೆಗೆ ಜಾಗ. ಬೆಳಗ್ಗೆ ಎದ್ದು ನೋಡಿದರೆ ಗೆರೆಗಳ ನಟ್ಟನಡುವೆ ಮಾವನ ಪ್ಲಾಸ್ಟಿಕ್ ಚಪ್ಪಲಿಯ ಗುರುತು. ಅರ್ಧ ಬೂದಿ ಚೆದರಿ ಹೋಗಿತ್ತು. ಅವಳು ಮತ್ತೆ ಎಳೆದಳು. ಮತ್ತೆ ಅಳಿಸಿಹೋಯಿತು. ಮೂರನೆಯ ಸಲ ಅವಳ ಕಣ್ಣೆದುರಿಗೇ ಮಾವ ಬಕೆಟ್ ಹಿಡಿದು ಆ ಗೆರೆಗಳ ಮೇಲೇ ನಡೆದು ಹೋದರು.

"ಮಾವ, ನಿಮಗೆ ಬೇಡ ಅನ್ನಿಸಿದ್ರೆ ಬಾಯಿಬಿಟ್ಟು ಹೇಳಿ. ಹೀಗೆ ತುಳಿದು ಹೇಳಬೇಡಿ."

ಮಾವ ನಿಂತರು. "ಏನು ತುಳಿದೆ?"

"ಏನೂ ಇಲ್ಲ ಬಿಡಿ."

"ಬಾಯಿಬಿಟ್ಟೇ ಹೇಳಿದೀನಿ. ಬೇಡ ಅಂದೆ. ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?" ಎಂದು ಬಕೆಟ್ಟನ್ನು ಕುದುರೆಯ ಮುಂದಿಟ್ಟು ಹೋದರು.

ಗಾರೆ ಕೆಲಸಕ್ಕೆ ಬಂದವನು ಹಮ್ಮಾದಿ. ಪುಲಾರ್ ಮಾತಿನವನು. ದನ ಕಾಯುವ ಪುಲಾರರಿಗೂ ಈ ಮನೆಯವರಂಥ ಬೇಸಾಯದ ಸೆರೇರರಿಗೂ ಮುತ್ತಜ್ಜಂದಿರ ಕಾಲದಿಂದ ಒಬ್ಬರನ್ನೊಬ್ಬರು ಆಳು ಎಂದು ಹಂಗಿಸಿಕೊಳ್ಳುವ ಸಲಿಗೆ. ಬಾಗಿಲಲ್ಲಿ ನಿಂತೇ ಶುರುಮಾಡಿದ. "ನಮ್ಮ ಆಳುಗಳು ಮನೇಲಿದ್ದಾರೇನಮ್ಮ? ಯಜಮಾನ ಬಂದಿದ್ದಾನೆ ಅಂತ ಹೇಳು."

"ದನದ ಬಾಲ ಹಿಡ್ಕೊಂಡು ಬಂದವನೆ," ಅಂದರು ಮಾವ ಮರದಡಿಯಿಂದ. "ಅನ್ನ ಅಂದ್ರೆ ಏನು ಅಂತ ನಿಮಗೆ ತೋರಿಸಿದ್ದೇ ನಾವು."

"ತೋರಿಸಿದ್ರಿ, ನಿಜ. ಬಡಿಸಲಿಲ್ಲ."

ಇಬ್ಬರೂ ನಕ್ಕರು. ಆ ವಾರದಲ್ಲಿ ಮಾವ ನಕ್ಕದ್ದು ಅದೊಂದೇ ಸಲ.

ಸಿಮೆಂಟಿನ ಇಟ್ಟಿಗೆ ಬಂದು ಬಿದ್ದ ದಿನ ತೇನಿಂಗ್ ಜಾಗ ಬಿಡಿಸಲು ನಿಂತಳು. ಲಾತಿರ್ ಗಾಡಿಗೆ ಹೊರಡುವ ಮುಂಚೆ ಅವನ ಕೈಯಲ್ಲಿ ಸಜ್ಜೆಯ ಡ್ರಮ್ಮನ್ನು ಉರುಳಿಸಿ ಎದುರು ಗೋಡೆಗೆ ಇರಿಸಿದಳು. ತೌಡಿನ ಮೂಟೆಯನ್ನು ಅದರ ಪಕ್ಕಕ್ಕೆ ಎಳೆದಳು. ಸಜ್ಜುಗಳನ್ನು ಮರದಿಂದ ಇಳಿಸಿ ತೊಳೆದು ಸಾಲಾಗಿ ಮೊಳೆಗೆ ಹಾಕಿದಳು. ಮಾವ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದಾಗ ಕೈ ತೋರಿಸಿ, "ಡ್ರಮ್ಮು ಅಲ್ಲಿಟ್ಟಿದ್ದೀನಿ ಮಾವ. ಇವತ್ತಿಂದ ಲಿಂಗೇರ್‌ನ ಆ ಕಡೆ ಗೂಟಕ್ಕೆ ಕಟ್ಟಿ," ಅಂದಳು. ಲಿಂಗೇರ್ ಮನೆಯ ಕಂದು ಹೆಣ್ಣುಕುದುರೆ. ಗಂಡುಕುದುರೆ ಜಾಂಬಾರ್ ಗಾಡಿಯ ಜೊತೆ ಹೊರಗಿತ್ತು.

"ಹೂಂ," ಅಂದರು ಮಾವ.

ಮಾರನೆಯ ಬೆಳಗ್ಗೆ ಮೊದಲ ನಮಾಜಿಗೆ ಮುಂಚೆಯೇ ಅತ್ತೆಯ ಕೂಗು ಕೇಳಿ ತೇನಿಂಗ್ ಓಡಿಬಂದಳು. ಲಿಂಗೇರ್ ನೆಲಕ್ಕೆ ಬಿದ್ದು ಒದ್ದಾಡುತ್ತಿತ್ತು. ಮೈಯೆಲ್ಲ ಬೆವತು ಕಪ್ಪಾಗಿತ್ತು. ಹಳೆಯ ಗೂಟಕ್ಕೇ ಕಟ್ಟಿದ್ದರು. ಅಲ್ಲಿಂದ ಕತ್ತು ಚಾಚಿದರೆ ಡ್ರಮ್ಮು ಸಿಗುತ್ತಿತ್ತು. ಮುಚ್ಚಳ ಮರಳಲ್ಲಿ ಬಿದ್ದಿತ್ತು, ಮುಚ್ಚಳದ ಮೇಲೆ ಇಡುತ್ತಿದ್ದ ಕಲ್ಲು ಇನ್ನೂ ಬಾಗಿಲ ಪಕ್ಕದ ಹಳೆಯ ಜಾಗದಲ್ಲೇ ಇತ್ತು. ಡ್ರಮ್ಮಿನಲ್ಲಿ ಸಜ್ಜೆ ನಾಲ್ಕು ಬೆರಳು ಇಳಿದಿತ್ತು.

ಲಾತಿರ್ ಪಕ್ಕದ ಮನೆಯವನ ಮೋಟಾರ್ ಸೈಕಲ್ ಎತ್ತಿಕೊಂಡು ಪಶುವೈದ್ಯರನ್ನು ಕರೆತರಲು ಹೋದ. ಮಾವ ಮಂಡಿಯೂರಿ ಕುದುರೆಯ ಪಕ್ಕೆಗೆ ಕಿವಿಯಿಟ್ಟರು. ಆಮೇಲೆ ಇನ್ನೊಂದು ಪಕ್ಕೆಗೆ.

"ಹೊಟ್ಟೆ ಮಾತಾಡ್ತಿಲ್ಲ," ಅಂದರು. "ಎಬ್ಬಿಸಬೇಕು. ಬಿದ್ದು ಹೊರಳೋಕೆ ಬಿಟ್ರೆ ಕರುಳು ತೊಡರಿಕೊಳ್ಳುತ್ತೆ. ಹಗ್ಗ ಕೊಡು."

ತೇನಿಂಗ್ ಹಗ್ಗ ಚಾಚಿದಳು. ಮಾವನ ಕೈ ಮುಂದೆ ಬಂತು, ಹಗ್ಗದಿಂದ ಒಂದು ಗೇಣು ಎಡಕ್ಕೆ. ಗಾಳಿಯಲ್ಲಿ ಬೆರಳು ಮಡಿಚಿ ಬಿಚ್ಚಿತು. ತೇನಿಂಗ್ ಸದ್ದಿಲ್ಲದೆ ಹಗ್ಗವನ್ನು ಆ ಬೆರಳುಗಳೊಳಗೆ ಇಟ್ಟಳು. ಅವರು ಬಿಗಿಯಾಗಿ ಹಿಡಿದುಕೊಂಡು, ನಾಲಿಗೆಯಲ್ಲಿ ಲೊಚಗುಟ್ಟಿ, ಬೈದು, ಮುದ್ದಿಸಿ ಕುದುರೆಯನ್ನು ಎಬ್ಬಿಸಿಯೇ ಬಿಟ್ಟರು. ಬೇವಿನ ಮರದ ಸುತ್ತ ನಡೆಸತೊಡಗಿದರು. ತೇನಿಂಗ್ ಎದುರಿಗೆ ನಿಂತಿದ್ದಳು. ಸುತ್ತು ಬಂದಾಗಲೆಲ್ಲ ಅವರ ಕಣ್ಣು ಅವಳ ಮುಖದ ಮೇಲೆ ಬಿದ್ದು ಎಲ್ಲೂ ನಿಲ್ಲದೆ ಮುಂದೆ ಹೋಗುತ್ತಿತ್ತು.

ಬೂದಿಯ ಗೆರೆ ಅವಳಿಗೆ ನೆನಪಾಯಿತು. ಅಲ್ಲಿಟ್ಟಿದ್ದೀನಿ ಎಂದು ತಾನು ಕೈ ತೋರಿಸಿದ್ದು ನೆನಪಾಯಿತು.

ವೈದ್ಯರ ಸಹಾಯಕ ಬಂದು ಸೂಜಿ ಹಾಕಿ, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹೊಯ್ದ. "ಮುದುಕರು ಎಬ್ಬಿಸಿ ನಡೆಸದೆ ಇದ್ದಿದ್ರೆ ನಾನು ಬಂದೂ ಪ್ರಯೋಜನ ಇರ್ತಿರಲಿಲ್ಲ," ಅಂದ. ಹೊತ್ತು ನೆತ್ತಿಗೇರಿದ ಮೇಲೆ ಲಿಂಗೇರ್ ಬಾಲ ಎತ್ತಿ ಲದ್ದಿ ಹಾಕಿತು. ಅತ್ತೆ ಎರಡೂ ಕೈ ಮೇಲೆತ್ತಿ ದೇವರನ್ನು ನೆನೆದರು. ಸೀಗಾ ಲದ್ದಿಯ ಹತ್ತಿರ ಓಡಿಹೋಗಿ, "ನಾಲ್ಕು ಉಂಡೆ," ಎಂದು ಎಲ್ಲರಿಗೂ ಸಾರಿದಳು.

ಅಡುಗೆ ಮಾಡುವ ಚೈತನ್ಯ ಯಾರಿಗೂ ಇರಲಿಲ್ಲ. ಹಿಂದಿನ ದಿನದ ಸಜ್ಜೆಯ ಉಸಲಿಗೆ ಮೊಸರು ಸುರಿದು ಅತ್ತೆ ತಟ್ಟೆ ತಂದಿಟ್ಟರು. ಅಪಾಯ ಕಳೆದಿತ್ತು, ಈಗ ಸಿಟ್ಟಿನ ಸರದಿ.

"ಒಂದು ಮುಚ್ಚಳ ಹಾಕೋಕೂ ಆಗಲ್ವಾ ಅಪ್ಪ?" ಅಂದ ಲಾತಿರ್. "ಅವಳು ಬೇರೆ ಗೂಟಕ್ಕೆ ಕಟ್ಟಿ ಅಂದಿದ್ಲು. ನೀವು ಬೇಕಂತಲೇ ಅಲ್ಲಿ ಕಟ್ಟಿದ್ದೀರ."

ಮಾವ ಉಣ್ಣುತ್ತಲೇ ಇದ್ದರು.

"ಅವರನ್ನೇನು ಕೇಳ್ತೀಯ?" ಅಂದರು ಅತ್ತೆ. "ಇಪ್ಪತ್ತು ವರ್ಷದಿಂದ ಒಂದು ಕಡೆ ಇದ್ದ ಡ್ರಮ್ಮನ್ನ ಇನ್ನೊಂದು ಕಡೆ ತಂದಿಟ್ಟವಳನ್ನ ಕೇಳು."

ತೇನಿಂಗ್ ಉತ್ತರಕ್ಕೆ ಬಾಯಿ ತೆರೆದವಳು ತಟ್ಟೆಯ ಕಡೆ ನೋಡಿದಳು. ಅತ್ತೆ ಮಾತಾಡುತ್ತಲೇ ಬೆರಳಲ್ಲಿ ಸಜ್ಜೆಯ ಗಂಟು ಒಡೆದು ಮೊಸರಿನ ಜೊತೆ ಕಲಸಿ ಗಂಡನ ಮುಂದಕ್ಕೆ ತಳ್ಳುತ್ತಿದ್ದರು. ಮಾವನ ಕೈ ಆ ಜಾಗ ಬಿಟ್ಟು ಆಚೀಚೆ ಹೋಗುತ್ತಲೇ ಇರಲಿಲ್ಲ.

"ತಪ್ಪು ನಂದೇ," ಅಂದಳು ತೇನಿಂಗ್. "ಡ್ರಮ್ಮಿನ ಜೊತೆ ಕಲ್ಲನ್ನೂ ತಂದಿಡಬೇಕಿತ್ತು. ಮರೆತೆ."

ಅವಳು ಸೋತು ಮಾತಾಡಿದ್ದನ್ನು ಆ ಮನೆಯವರು ಹಿಂದೆ ಕೇಳಿರಲಿಲ್ಲ. ಲಾತಿರ್ ಹೆಂಡತಿಯನ್ನೇ ನೋಡಿದ. ಅತ್ತೆಯೂ ನೋಡಿದರು.

ಸಂಜೆ ಅವಳು ಬಟ್ಟೆ ಒಗೆಯುತ್ತಿದ್ದ ಕಡೆ ಅತ್ತೆ ಒಂದು ಮಣೆ ಎಳೆದುಕೊಂಡು ಬಂದು ಕೂತರು. "ಯಾಕೆ ಹಾಗಂದೆ?"

"ನಿಮಗೆ ಎಷ್ಟು ದಿನದಿಂದ ಗೊತ್ತು ಅತ್ತೆ?"

ಅತ್ತೆ ನೆನೆದ ಅಂಗಿಯೊಂದನ್ನು ಎತ್ತಿ ಹಿಂಡಿದರು. ಹಿಂಡಿ ಮುಗಿದ ಮೇಲೂ ಹಿಂಡುತ್ತಲೇ ಇದ್ದರು. "ಎರಡು ಮಳೆಗಾಲ ಆಯ್ತು. ಬಲಗಣ್ಣು ಮೊದಲು ಹೋಯ್ತು. ಎಡಗಣ್ಣಲ್ಲಿ ಬೆಳಕು, ನೆರಳು ಅಷ್ಟೇ. ಬೆನ್ನುನೋವು ಅಂತ ಸುಳ್ಳು ಹೇಳಿ ಗಾಡಿ ಇಳಿದ್ರು. ಮಸೀದಿಗೆ ಗೋಡೆ ಹಿಡ್ಕೊಂಡು ಹೋಗ್ತಾರೆ. ಮೀನಿನ ಮುಳ್ಳು ತೆಗೆದು ಅವರ ಕಡೆ ತಳ್ಳೋದು ಯಾರು ಅಂದ್ಕೊಂಡಿದ್ದೆ?"

"ನನಗೆ ಹೇಳಬಹುದಿತ್ತಲ್ಲ."

"ನನಗೇ ಅವರು ಹೇಳಿಲ್ಲ ಕಣೇ. ಗೊತ್ತಿಲ್ಲದವಳ ಹಾಗೆ ನಾನಿದ್ದೀನಿ, ಗೊತ್ತಿಲ್ಲ ಅಂತ ಅವರು ನಂಬಿದ್ದಾರೆ. ಅಂಗಳದಲ್ಲಿ ಎಲ್ಲ ಎಲ್ಲಿದೆಯೋ ಅಲ್ಲೇ ಇದ್ರೆ ಅವರ ದಿನ ನಡೀತದೆ. ಅದಕ್ಕೇ ಫ್ರಿಜ್ ತಗೋ ಅಂದೆ." ಅಂಗಿಯನ್ನು ಕೊಡವಿ ಸೇರಿಸಿದರು, "ಫ್ರಿಜ್ ಬೇಕೂ ಇತ್ತು ಅನ್ನು."

ತೇನಿಂಗ್‌ಗೆ ಆ ದುಃಖದಲ್ಲೂ ನಗು ಬಂತು.

ಮರುದಿನ ಲಾತಿರ್ ಗಾಡಿ ಕಟ್ಟಿಕೊಂಡು ಹೋದ ಮೇಲೆ ಅವಳು ಮಾವ ಕುದುರೆಯ ಮೈ ತಿಕ್ಕುತ್ತಿದ್ದಲ್ಲಿಗೆ ಹೋದಳು. ಹತ್ತಿರ ನಿಂತು, "ನಾನು ತೇನಿಂಗ್," ಅಂದಳು.

ಮಾವನ ಕೈ ನಿಂತಿತು. ಎರಡು ವರ್ಷದಿಂದ ಮನೆಯವರಲ್ಲಿ ಯಾರೂ ಅವರಿಗೆ ಹೆಸರು ಹೇಳಿಕೊಂಡು ಮಾತಾಡಿಸಿರಲಿಲ್ಲ. ಅವರಿಗೆ ಅರ್ಥವಾಯಿತು.

"ಲಾತಿರ್‌ಗೆ ಹೇಳಿದೆಯಾ?"

"ಇಲ್ಲ."

"ಹೇಳಬೇಡ. ಅವನು ಒಳ್ಳೇ ಮಗ. ಅದೇ ಕಷ್ಟ. ನನ್ನ ಕೂರಿಸಿಬಿಡ್ತಾನೆ. ಚಾಪೆ ಹಾಸಿ, ಚಹಾ ಕೊಟ್ಟು, ಅಪ್ಪ ಏಳಬೇಡಿ ಅಂತಾನೆ. ಆಮೇಲೆ ನಾನು ಏಳೋದು ಹೆಣವಾದಾಗಲೇ."

"ನಾನಾಗಿ ಹೇಳಲ್ಲ, ಅವರಾಗಿ ಕೇಳಿದ್ರೆ ಸುಳ್ಳೂ ಹೇಳಲ್ಲ. ಆದ್ರೆ ಮಳೆ ಬರೋಕೆ ಇನ್ನು ನಾಲ್ಕು ವಾರ ಇಲ್ಲ ಮಾವ. ಲಾಯ ಬೇಕೇ ಬೇಕು. ನನ್ನ ಚಿತ್ರ ನಿಮಗೆ ಆಗಿಬರಲ್ಲ. ನಿಮಗೆ ಆಗಿಬರೋದನ್ನ ನೀವೇ ಹೇಳಿ, ಹಾಗೇ ಕಟ್ಟಿಸ್ತೀನಿ."

ಮಾವ ಬಹಳ ಹೊತ್ತು ಕುದುರೆಯ ಜೂಲು ಬಾಚಿದರು. ಕೊನೆಗೆ, "ಕೋಣೆ ಬಾಗಿಲಿಂದ ಗೂಟಕ್ಕೆ ಹನ್ನೊಂದು ಹೆಜ್ಜೆ," ಅಂದರು. "ಅದು ಬದಲಾಗಬಾರದು."

ಅಲ್ಲಿಂದ ಮುಂದಿನ ಹತ್ತು ದಿನ ತೇನಿಂಗ್ ಸಂತೆಗೆ ಹೊತ್ತಾಗಿ ಹೋದಳು. ಮಾವ ನಡೆದು ತೋರಿಸಿದ್ದಕ್ಕೆ ಅವಳು ಕಲ್ಲಿಟ್ಟು ಗುರುತು ಮಾಡಿದಳು. ಬೂದಿ ಕಾಲಿಗೆ ತಾಗುವುದಿಲ್ಲ, ಕಲ್ಲು ತಾಗುತ್ತದೆ. ಸೊಂಟದ ಎತ್ತರಕ್ಕೆ ಗೋಡೆಯುದ್ದಕ್ಕೂ ಒಂದು ಕಟ್ಟೆ. ಅದರ ಮೇಲೆ ಕೈ ಆಡಿಸಿಕೊಂಡು ಹೋದರೆ ಮೊದಲು ಸಜ್ಜೆ, ಆಮೇಲೆ ತೌಡು, ಆಮೇಲೆ ಉಪ್ಪು. ಸಜ್ಜೆಗೆ ಮರದ ಮುಚ್ಚಳ, ತೌಡಿಗೆ ತಗಡಿನದು, ಉಪ್ಪಿಗೆ ಹೆಣೆದ ಬುಟ್ಟಿ. ಮುಚ್ಚಳಗಳನ್ನು ಕುದುರೆ ಮೂತಿಯಲ್ಲಿ ನೂಕಿ ತೆಗೆಯದ ಹಾಗೆ ಪಕ್ಕದಲ್ಲೊಂದು ಚಿಲಕ. ಕಾಯಿಲೆಯ ಕುದುರೆಗೆ ತೇನಿಂಗ್ ದೂರದ ಮೂಲೆ ಇಟ್ಟಿದ್ದಳು, ಪಾಠದಲ್ಲಿ ಹಾಗೇ ಹೇಳಿದ್ದರು.

"ಅಷ್ಟು ದೂರ ಬೇಡ," ಅಂದರು ಮಾವ. "ನನ್ನ ಕಿಟಕಿ ಪಕ್ಕ ಇರಲಿ. ಉಸಿರು ಕೇಳಿಸಬೇಕು."

"ಬೇರೆ ಕುದುರೆಗಳಿಗೆ ಅಂಟೋ ಕಾಯಿಲೆ ಆಗಿದ್ರೆ?"

"ನಡುವೆ ಗೋಡೆ ಎತ್ತಿಸು. ನೀರಿನ ಬಕೆಟ್ ಬೇರೆ ಮಾಡು. ನನ್ನ ಕಿಟಕಿ ಕುದುರೆಯಲ್ಲವಲ್ಲ, ಅದಕ್ಕೇನು ಅಂಟುತ್ತೆ?"

ಅದು ಸರಿಯೆನ್ನಿಸಿತು. ಔಷಧಿ ಶೀಶೆಗಳ ಕತ್ತಿಗೆ ಅತ್ತೆ ದಾರ ಕಟ್ಟಿದರು. ಗಾಯದೆಣ್ಣೆಗೆ ಒಂದು ಗಂಟು, ಜಂತುಹುಳದ್ದಕ್ಕೆ ಎರಡು, ಕಣ್ಣಿನ ತೊಳೆನೀರಿಗೆ ಮೂರು. ಕಟ್ಟುತ್ತಾ, "ಇದು ಯಾಕೆ ಅಂತ ನಾನು ಕೇಳಲ್ಲಪ್ಪ," ಅಂದರು ಗಂಡನಿಗೆ ಕೇಳುವ ಹಾಗೆ.

"ಕೇಳಬೇಡ," ಅಂದರು ಮಾವ. "ಎರಡು ವರ್ಷದಿಂದ ಮುಳ್ಳು ಯಾಕೆ ತೆಗೀತಿದ್ದೀಯ ಅಂತ ನಾನು ಕೇಳಿದ್ನಾ?"

ಅತ್ತೆ ಸೆರಗಿನಂತೆ ಹೊದ್ದ ಬಟ್ಟೆಯ ಚುಂಗಿನಿಂದ ಮುಖ ಒರೆಸಿಕೊಂಡು ನಾಲ್ಕನೆಯ ಶೀಶೆಗೆ ಕೈಹಾಕಿದರು.

ಲಾತಿರ್‌ಗೆ ತಿಳಿದದ್ದು ಹಮ್ಮಾದಿಯ ಬಾಯಿಂದ. ಅವತ್ತು ಲಾತಿರ್ ಬಾಡಿಗೆ ಸಿಗದೆ ಮಧ್ಯಾಹ್ನವೇ ಬಂದಿದ್ದ. ಮಾವ ಗೋಡೆಗೆ ಬಡಿದ ಮೊಳೆಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ, "ಈ ಮೂರನೇದು ಎರಡು ಬೆರಳು ಕೆಳಗಿದೆ, ಕಿತ್ತು ಹೊಡಿ," ಎನ್ನುತ್ತಿದ್ದರು.

"ನೋಡಪ್ಪ ನಿಮ್ಮ ಅಪ್ಪನ್ನ," ಅಂದ ಹಮ್ಮಾದಿ. "ಕಣ್ಣಿದ್ದಾಗ ಇಷ್ಟು ಕಾಟ ಕೊಟ್ಟವರಲ್ಲ. ಈಗ ನನ್ನ ಮಟ್ಟಗೋಲಿಗಿಂತ ಬಿಗಿ."

ತಮಾಷೆಗೆ ಅಂದದ್ದು. ಮನೆಯವರಿಗೆಲ್ಲ ಗೊತ್ತೆಂದೇ ಅವನು ತಿಳಿದಿದ್ದ.

ಲಾತಿರ್ ಅಪ್ಪನ ಮುಂದೆ ಬಂದು ನಿಂತ. ಮಾತಾಡಲಿಲ್ಲ. ಮಾವ, "ಯಾರು?" ಅಂದರು.

ಅವತ್ತು ಅವನು ಉಣ್ಣಲಿಲ್ಲ. ಹೆಂಡತಿಯ ಜೊತೆಯೂ ಮಾತು ಬಿಟ್ಟ. ಮಾರನೆಯ ಸಂಜೆ ಗಾಡಿಯಲ್ಲಿ ಒಂದು ಹೊಸ ಕುರ್ಚಿ ಹಾಕಿಕೊಂಡು ಬಂದು ಬೇವಿನ ನೆರಳಲ್ಲಿ ಇಟ್ಟ. ಕೈಯಿರುವ, ಮೆತ್ತೆಯಿರುವ ಕುರ್ಚಿ. "ಅಪ್ಪ, ನಾಳೆಯಿಂದ ಮೇವು ನಾನು ಹಾಕ್ತೀನಿ. ನೀವು ಇಲ್ಲಿ ಕೂತ್ಕೊಳ್ಳಿ."

"ಬಂತಲ್ಲ ಚಾಪೆ," ಅಂದರು ಮಾವ ತೇನಿಂಗ್ ಕಡೆಗೆ ತಿರುಗಿ. "ಕಾಲು ನಾಲ್ಕು ಜಾಸ್ತಿ, ಅಷ್ಟೇ."

"ನಿಮಗೆ ಏನಾದ್ರೂ ಆದ್ರೆ? ಕುದುರೆ ಒದ್ರೆ?" ಅಂದ ಲಾತಿರ್.

"ನಲವತ್ತು ವರ್ಷ ಕಣ್ಣಿದ್ದಾಗ ಮೂರು ಸಲ ಒದೆಸಿಕೊಂಡೆ. ಈ ಎರಡು ವರ್ಷದಲ್ಲಿ ಒಂದು ಸಲವೂ ಇಲ್ಲ. ಕೇಳು ಬೇಕಾದ್ರೆ ಅದನ್ನೇ."

"ನನಗ್ಯಾಕೆ ಹೇಳಲಿಲ್ಲ ಅಪ್ಪ?" ಲಾತಿರ್ ಕುರ್ಚಿ ಬಿಟ್ಟು ಅಪ್ಪನ ಹತ್ತಿರ ಬಂದ. "ಅವತ್ತು ಮುಚ್ಚಳಕ್ಕೆ ಹಾಗೆ ಬೈದೆ. ನಾನು ಬೈತಿದ್ರೂ ಎಲ್ಲರೂ ಸುಮ್ಮನೆ ಕೂತಿದ್ರಿ."

ಮಾವ ಕೈ ಚಾಚಿ ಮಗನ ಭುಜ ಹುಡುಕಿ ಹಿಡಿದರು. "ಬೈದದ್ದು ಸರಿ ಇತ್ತು. ಮುಚ್ಚಳ ಹಾಕದವನಿಗೆ ಬೈಬೇಕು. ಕುರುಡ ಪಾಪ ಅಂತ ನೀನು ಬೈಯದೆ ಬಿಡ್ತಿದ್ದೆಯಲ್ಲ, ಅದಕ್ಕೇ ಹೇಳಲಿಲ್ಲ."

ಲಾತಿರ್ ಹತ್ತು ದಿನದ ಬಾಡಿಗೆ ಕೂಡಿಟ್ಟು ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಬಲಗಣ್ಣಿನ ನರ ಒಣಗಿದೆ, ಅದು ಬರುವುದಿಲ್ಲ ಎಂದರು. ಎಡಗಣ್ಣಿಗೆ ಪೊರೆ, ಮಳೆಗಾಲ ಕಳೆದ ಮೇಲೆ ತೆಗೆಯಬಹುದು, ಎಷ್ಟು ಕಾಣುತ್ತದೋ ಆಗ ನೋಡೋಣ ಎಂದರು. ಮಾವ ದಾರಿಯುದ್ದಕ್ಕೂ ಗಾಡಿಯ ಮೂಕಿಯ ಹತ್ತಿರ ಕೂತು, ಜಾಂಬಾರ್ ಹಿಂದಿನ ಎಡಗಾಲು ಎಳೆದು ಹಾಕುತ್ತಿದೆ, ಲಾಳ ಸಡಿಲವಾಗಿದೆ ಎಂದು ಮಗನಿಗೆ ಬೈಯುತ್ತಾ ಬಂದರಂತೆ. ಇಳಿದು ನೋಡಿದರೆ ನಿಜವಾಗಿಯೂ ಒಂದು ಮೊಳೆ ಬಿದ್ದುಹೋಗಿತ್ತು.

ಆಮೇಲೆ ಲಾತಿರ್ ಕುರ್ಚಿಯ ಮಾತೆತ್ತಲಿಲ್ಲ. ಬಂದರಿನ ಕಡೆ ಬಿಸಾಡಿದ್ದ ಮರದ ಹಲಗೆಗಳನ್ನು ತಾನೇ ಹೇರಿಕೊಂಡು ಬಂದು ಮೇವಿನ ಅಟ್ಟ ಹಾಸಿದ, ಅಡಿಯಲ್ಲಿ ನಾಯಿ ನುಸುಳುವಷ್ಟು ಸಂದಿ ಬಿಟ್ಟು. ಕೋಣೆಯ ಬಾಗಿಲಿಂದ ಲಾಯದ ತನಕ ಎದೆಯೆತ್ತರಕ್ಕೆ ಒಂದು ಹಗ್ಗ ಬಿಗಿದ. ಯಾಕೆಂದು ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಮರುದಿನ ಅದರ ಮೇಲೆ ಒದ್ದೆ ಬಟ್ಟೆ ಹರವಿ ಗಂಡನ ಕೈಲಿ ಬೈಸಿಕೊಂಡರು. ಚಾವಣಿಗೆ ತಗಡು ಹೊದೆಸಿದ ದಿನ ಹಮ್ಮಾದಿ ಕೂಲಿ ಎಣಿಸಿಕೊಂಡು, "ಆಳುಗಳ ಮನೆ ಕುದುರೆಗೆ ಯಜಮಾನನ ಮನೆಗಿಂತ ಒಳ್ಳೇ ಮಾಡು," ಎಂದು ನಿಟ್ಟುಸಿರು ಬಿಟ್ಟು ಹೋದ.

ಮೊದಲ ಮಳೆ ಜೂನ್ ಕೊನೆಗೆ ಒಂದು ಮಧ್ಯಾಹ್ನ ಸುರಿಯಿತು. ನಿಂತ ಮೇಲೆ ತೇನಿಂಗ್ ಅಟ್ಟದ ಮೇವಿನ ರಾಶಿಗೆ ಏಣಿ ಹಾಕಿ ಹತ್ತಿ ಕಡಲೆಬಳ್ಳಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಗರಗರ ಒಣಗಿತ್ತು. ಸಾಲದೆಂದು ಇನ್ನೊಂದು ಕಡೆಯೂ ತೂರಿಸಿ ನೋಡಿದಳು.

ಅದೇ ವಾರ ಪಾಥೆ ಬಂದ. ಸಂತೆಯ ಬಳಿ ಗಾಡಿ ಹೊಡೆಯುವ ಹೊಸಬ, ಮದುವೆಯಾಗಿ ವರ್ಷವಾಗಿರಲಿಲ್ಲ. ಅವನ ಬೂದು ಕುದುರೆ ತಲೆ ತಗ್ಗಿಸಿ ನಿಂತಿತ್ತು. "ಇಲ್ಲಿ ಔಷಧಿ ಇಟ್ಟಿದ್ದೀರಂತೆ. ಸ್ವಲ್ಪ ಗಾಯದೆಣ್ಣೆ ಬೇಕಿತ್ತು."

ಮಾವ ಹಗ್ಗ ಹಿಡಿದು ಹನ್ನೊಂದು ಹೆಜ್ಜೆ ಬಂದು ಕುದುರೆಯ ಮೇಲೆ ಕೈಯಿಟ್ಟರು. ಹಣೆ, ಕಿವಿ, ಕೊರಳು. ಕೊರಳಪಟ್ಟಿ ಒತ್ತುವ ಜಾಗಕ್ಕೆ ಬಂದಾಗ ಕುದುರೆ ನಡುಗಿತು. ಅಂಗೈಯಗಲದ ಹುಣ್ಣು. ಪಕ್ಕೆಯ ಮೇಲೆ ಚಾಟಿಯ ಬರೆಗಳು. ಒಂದೊಂದನ್ನೂ ಬೆರಳಿಂದ ಮುಟ್ಟುತ್ತಾ ಹೋದರು.

"ಎಣ್ಣೆಯಿಂದ ಆಗಲ್ಲ. ಹತ್ತು ದಿನ ಇಲ್ಲೇ ಬಿಟ್ಟು ಹೋಗು."

"ಹತ್ತು ದಿನ ಗಾಡಿ ನಿಲ್ಲಿಸಿದ್ರೆ ನಾನು ಏನು ತಿನ್ನಲಿ ಅಜ್ಜ?"

"ಮಧ್ಯಾಹ್ನ ಇಲ್ಲಿಗೆ ಬಾ. ನಿನ್ನ ಹೆಂಡತಿನೂ ಕರ್ಕೊಂಡು ಬಾ, ತಟ್ಟೆ ದೊಡ್ಡದಿದೆ. ಬೆಳಗ್ಗೆ ಲಾತಿರ್ ಗಾಡಿಗೆ ಮೂಟೆ ಹೊರು, ಕೂಲಿ ಅವನು ಕೊಡ್ತಾನೆ. ಸಂಜೆ ಬಂದು ನಿನ್ನ ಕುದುರೆ ಹುಣ್ಣು ನೀನೇ ತೊಳಿ. ನಾನು ಹೇಳಿಕೊಡ್ತೀನಿ. ಚಾಟಿ ಮನೇಲಿಟ್ಟು ಬಾ."

ಪಾಥೆ ತೇನಿಂಗಳ ಕಡೆ ನೋಡಿದ. ಅವಳು ಆಗಲೇ ಕಿಟಕಿ ಪಕ್ಕದ ಅಂಕಣದ ಅಡ್ಡಗೋಲು ತೆಗೆಯುತ್ತಿದ್ದಳು.

ಅವನ ಕುದುರೆ ವಾಸಿಯಾಗಿ ಹೋಗುವಷ್ಟರಲ್ಲಿ ಇನ್ನಿಬ್ಬರು ಬಂದರು. ಒಬ್ಬನ ಕುದುರೆಗೆ ಗೊರಸು ಕೊಳೆತಿತ್ತು. ಇನ್ನೊಬ್ಬನಿಗೆ ತನ್ನ ಮನೆಯ ಮೇವು ನೆನೆಯದ ಹಾಗೆ ಇಡಲು ಒಂದಿಷ್ಟು ಜಾಗ ಬೇಕಿತ್ತು, ಬದಲಿಗೆ ವಾರಕ್ಕೊಂದು ಮೂಟೆ ತೌಡು ತಂದು ಹಾಕುತ್ತೇನೆಂದ. ಅಂಗಳದಲ್ಲಿ ಮಧ್ಯಾಹ್ನದ ತಟ್ಟೆಗಳು ಎರಡಾದವು. ಅತ್ತೆ ಗೊಣಗಿಕೊಂಡೇ ಅಕ್ಕಿಯ ಅಳತೆ ಏರಿಸಿದರು. ಹೊಸದಾಗಿ ಬಂದವರಿಗೆಲ್ಲ ನಮ್ಮ ಯಜಮಾನರ ಕೈ ಹೀಗೆ, ನಮ್ಮ ಯಜಮಾನರ ಕಿವಿ ಹಾಗೆ ಎಂದು ಕೇಳದೆಯೇ ಹೇಳತೊಡಗಿದರು.

ಆಗಸ್ಟಿನ ಒಂದು ಬೆಳಗ್ಗೆ, ಮಳೆ ಬಿಟ್ಟು ಮೋಡ ಹಗುರಾಗಿದ್ದಾಗ, ತೇನಿಂಗ್ ಸಂತೆಗೆ ಹೊರಟಿದ್ದಳು. ತಲೆಯ ಮೇಲೆ ಅರೆದ ಕಡಲೆಯ ಬೋಗುಣಿ. ಮಾವ ಲಾಯದ ಕೊನೆಯ ಗೋಡೆಯನ್ನು ಅಂಗೈಯಲ್ಲಿ ತಟ್ಟುತ್ತಾ ನಿಂತಿದ್ದರು.

"ತೇನಿಂಗ್, ಹೋಗ್ತಾ ದಾರೀಲಿ ಆ ಪುಲಾರನಿಗೆ ಬರೋಕೆ ಹೇಳು."

"ಯಾಕೆ ಮಾವ? ಏನಾದ್ರೂ ಬಿರುಕು ಬಿಟ್ಟಿದೆಯಾ?"

"ಬಿರುಕಿಲ್ಲ. ಜಾಗ ಸಾಲ್ತಾ ಇಲ್ಲ. ಇನ್ನೂ ಎರಡು ಅಂಕಣ ಬೇಕು. ಈ ಗೋಡೆ ಒಡೆದು ಆ ಕಡೆಗೆ ಹತ್ತು ಹೆಜ್ಜೆ ಎಳೆದ್ರೆ ಆಯ್ತು."

"ಆ ಕಡೆಗೆ ಏನಿದೆ ಅಂತ ಗೊತ್ತಲ್ಲ ನಿಮಗೆ?"

"ಗೊತ್ತಿಲ್ಲದೆ ಏನು. ಅಡುಗೆಮನೆ."

ಒಳಗಿಂದ ಪಾತ್ರೆಯ ಸದ್ದು ನಿಂತಿತು. ಅತ್ತೆ ಸೌಟು ಹಿಡಿದೇ ಬಾಗಿಲಿಗೆ ಬಂದರು. "ಯಾರದು ನನ್ನ ಅಡುಗೆಮನೆ ಒಡೆಯೋರು?"

"ಒಡೆಯೋದಲ್ಲ ಯಾಂದೆ, ಸರಿಸೋದು," ಅಂದರು ಮಾವ ಸಮಾಧಾನವಾಗಿ. "ಎಲ್ಲ ಎಲ್ಲಿದೆಯೋ ಅಲ್ಲೇ ಇರಬೇಕು ಅಂದ್ರೆ ಹೇಗೆ? ಕಾಲ ಬದಲಾಗಿದೆ."

ಅತ್ತೆ ತೇನಿಂಗಳ ಮುಖ ನೋಡಿದರು, ತೇನಿಂಗ್ ಅತ್ತೆಯ ಮುಖ ನೋಡಿದಳು. ಬೋಗುಣಿ ತಲೆಯ ಮೇಲೆ ಅಲುಗದ ಹಾಗೆ ನಗುವುದು ಬಹಳ ಕಷ್ಟವಾಯಿತು.

"ಸರಿಸೋದಾದ್ರೆ," ಅಂದರು ಅತ್ತೆ ಸೌಟನ್ನು ಗಂಡನ ಕಡೆ ತೋರಿಸುತ್ತಾ, "ಹೊಸ ಅಡುಗೆಮನೇಲಿ ಫ್ರಿಜ್ ಇಡೋಕೆ ಜಾಗ ಇರಬೇಕು. ಅದು ಎಷ್ಟು ಗೇಣು ಅಂತ ನೀವೇ ಅಳೆದು ಕೊಡಿ."

ಮಾವ ಹಗ್ಗ ಬಿಟ್ಟು, ಕೈ ಮುಂದೆ ಚಾಚಿ, ಅಳತೆಗೆಂದು ಅಡುಗೆಮನೆಯ ಕಡೆಗೆ ಹೆಜ್ಜೆಯಿಟ್ಟರು.